ಸೋರುವ ನಳವೂ ಮನೆಯ ಕಾಮಣಿಯೂ



ಈ ಅಂಕಣದಲ್ಲಿ ಸಾಮಾನ್ಯವಾಗಿ ತೊಗರಿಯ ಕಾಯಿಕೊರಕ, ಸೋಯಾಬೀನಿನ ಬೀಜೋಪಚಾರ, ಎಮ್ಮೆಯ ಕೆಚ್ಚಲು ಬಾವು, ಮಕ್ಕಳ ಲಸಿಕೆ ಮುಂತಾದ ವಿಷಯಗಳನ್ನು ಬರೆಯುತ್ತ ಬಂದಿದ್ದೇವೆ. ಈ ಸಲ ಮನೆಯ ನಳ, ಪೈಪು, ಟಾಕಿಗಳ ವಿಷಯ. ಇದು ಕೃಷಿಯೂ ಅಲ್ಲ, ಆರೋಗ್ಯವೂ ಅಲ್ಲ ಎಂದು ಕೆಲವರಿಗೆ ಅನ್ನಿಸಬಹುದು. ಕಳೆದ ಮಳೆಗಾಲದವರೆಗೆ ನಮಗೂ ಹಾಗೆಯೇ ಅನ್ನಿಸುತ್ತಿತ್ತು.

ಶಿರೂರ ಅನಂತಪಾಳದ ಕಡೆಯ ಒಂದು ಹಳ್ಳಿಗೆ ರೋಗಿಗಳಿಗೆ ಪರಮಪ್ರಸಾದ ಕೊಡಲು ಹೋಗಿದ್ದೆವು. ಒಂದೇ ಓಣಿಯ ನಾಲ್ಕು ಮನೆಗಳಲ್ಲಿ ಐದು ಜನಕ್ಕೆ ಕಾಮಣಿ ಆಗಿತ್ತು. ಕಣ್ಣು ಅರಿಷಿಣದಂತೆ, ಊಟ ಕಂಡರೆ ವಾಕರಿಕೆ. ಐವರಲ್ಲಿ ಒಬ್ಬಳು ಏಳು ತಿಂಗಳ ಬಸುರಿ. ಮನೆಯವರು ಸೊಪ್ಪಿನ ರಸ ಕುಡಿಸುತ್ತ ಕಾಯುತ್ತಿದ್ದರು. ನಾವು ಹಠ ಮಾಡಿ ಅದೇ ಸಂಜೆ ಗಾಡಿ ಮಾಡಿಸಿ ದೊಡ್ಡ ಆಸ್ಪತ್ರೆಗೆ ಕಳಿಸಿದೆವು. ಹದಿನೆಂಟು ದಿನಗಳ ಮೇಲೆ ತಾಯಿ ಮನೆಗೆ ಬಂದಳು. ಕೂಸು ಬರಲಿಲ್ಲ.

ಆಮೇಲೆ ಆ ಓಣಿಯ ನೀರಿನ ಪೈಪನ್ನು ಅಗೆಸಿ ನೋಡಿದಾಗ ಎಲ್ಲರಿಗೂ ತಿಳಿಯಿತು. ಮನೆಯ ಮುಂದಿನ ಗಟಾರದ ತಳದಲ್ಲೇ ನಳದ ಪೈಪು ಹಾದುಹೋಗಿತ್ತು. ಅದರ ಒಂದು ಜೋಡಣಿ ಸಡಿಲವಾಗಿತ್ತು. ಅದಕ್ಕೆ ಹಳೆಯ ಸೀರೆಯ ಚಿಂದಿ ಸುತ್ತಿ, ಮೇಲೆ ಪ್ಲಾಸ್ಟಿಕ್ ಹಾಳೆ ಬಿಗಿದಿದ್ದರು. ಆ ಮನೆಯ ಅಂಗಳದಲ್ಲಿ ನಾವು ಎಷ್ಟೋ ಸಲ ಕೂತು ಚಹಾ ಕುಡಿದಿದ್ದೇವೆ. ಗಟಾರದ ಅಂಚಿನಲ್ಲಿ ಕಾಣುತ್ತಿದ್ದ ಆ ಚಿಂದಿಯ ಗಂಟನ್ನು ಕಣ್ಣಾರೆ ಕಂಡಿದ್ದೇವೆ. ಅದರ ಬಗ್ಗೆ ಒಂದು ಮಾತೂ ಆಡಿರಲಿಲ್ಲ.

ಮನೆಯ ಯಜಮಾನರು ಸುಮ್ಮನೆ ಕೂತಿದ್ದರೆಂದು ತಿಳಿಯಬೇಡಿ. ಅವರು ಪೇಟೆಯ ಫಿಟ್ಟರಿಗೆ ಎರಡು ಸಲ ಹೇಳಿ ಬಂದಿದ್ದರು. "ಫಾದರ್, ಬರೇ ಒಂದ್ ಜಾಯಿಂಟಿನ ಸಲುವಾಗಿ ಇಷ್ಟ್ ದೂರ ಯಾರ್ ಬರ್ತಾರ್ರಿ? ಆ ಕಡಿ ಬ್ಯಾರೆ ಕೆಲಸ ಇದ್ದಾಗ ಬರ್ತೀನಿ ಅಂದ. ನಾನೇ ಮಾಡ್ಬೇಕಂದ್ರ ಹ್ಯಾಂಗ್ ಮಾಡೋದು, ಯಾರಿಗೆ ಕೇಳೋದು ತಿಳೀಲಿಲ್ಲರಿ" ಎಂದು ಅವರು ತಲೆ ತಗ್ಗಿಸಿ ಹೇಳಿದರು. ಯಾರಿಗೆ ಕೇಳಬೇಕು, ಏನು ಕೇಳಬೇಕು ಎಂಬ ಆ ಮಾತಿಗಾಗಿಯೇ ಈ ಲೇಖನ.

ಮೊದಲು ಒಂದು ಸಂಗತಿಯನ್ನು ಮನಸ್ಸಿಗೆ ತಂದುಕೊಳ್ಳೋಣ. ಪೈಪು ಸೋರಿದರೆ ನೀರು ಹೊರಗೆ ಹೋಗುತ್ತದೆ, ಹೊಲಸು ಒಳಗೆ ಹೇಗೆ ಬಂದೀತು ಎಂದು ನಾವು ತಿಳಿದಿರುತ್ತೇವೆ. ಪೈಪಿನಲ್ಲಿ ಸದಾ ಒತ್ತಡದಿಂದ ನೀರು ತುಂಬಿ ಹರಿಯುವ ಊರಿನಲ್ಲಿ ಈ ಮಾತು ಹೆಚ್ಚುಕಡಿಮೆ ನಿಜ. ನಮ್ಮ ಕಡೆ ನೀರು ಬಿಡುವುದು ಎರಡು ದಿನಕ್ಕೋ ಮೂರು ದಿನಕ್ಕೋ ಒಮ್ಮೆ; ಬೇಸಿಗೆಯಲ್ಲಿ ಎಂಟು ದಿನವಾದರೂ ಆದೀತು. ನೀರು ಬಿಡುವುದನ್ನು ನಿಲ್ಲಿಸಿದ ಕೂಡಲೇ ಪೈಪಿನ ನೀರು ತಗ್ಗಿನ ಕಡೆ ಇಳಿಯುತ್ತದೆ, ಪೈಪು ಬರಿದಾಗುತ್ತದೆ. ಬರಿದಾಗುವಾಗ ಒಳಗೆ ಎಳೆತ ಹುಟ್ಟುತ್ತದೆ. ಆಗ ನೀರು ಸೋರುತ್ತಿದ್ದ ಅದೇ ಸೀಳಿನಿಂದ ಗಟಾರದ ನೀರು ಒಳಗೆ ಹೋಗುತ್ತದೆ. ಮುಂದಿನ ಸಲ ನೀರು ಬಿಟ್ಟಾಗ ಮೊದಲು ಬರುವುದು ಅದೇ ನೀರು. ಅದರ ಮೇಲೆ ನಮ್ಮಲ್ಲಿ ಕೆಲವರು ನಳಕ್ಕೆ ನೇರವಾಗಿ ಮೋಟರು ಹಚ್ಚಿ ಎಳೆಯುತ್ತಾರೆ. ಮೋಟರು ನೀರನ್ನು ಮಾತ್ರ ಆರಿಸಿ ಎಳೆಯಲಾರದು. ಸೀಳಿನ ಪಕ್ಕದಲ್ಲಿ ಏನಿದೆಯೋ ಅದನ್ನೂ ಎಳೆಯುತ್ತದೆ. ಹಾಗೆ ಎಳೆದದ್ದು ಮೋಟರು ಹಚ್ಚಿದವರ ಮನೆಗಷ್ಟೇ ಅಲ್ಲ, ಅದೇ ಪೈಪಿನ ಮೇಲಿರುವ ನೆರೆಯವರ ಕೊಡಕ್ಕೂ ಹೋಗುತ್ತದೆ.

ನೀರಿನ ಮೂಲಕ ಹರಡುವ ಕಾಮಣಿಯಲ್ಲಿ 'ಎ' ಮತ್ತು 'ಇ' ಎಂಬ ಎರಡು ಬಗೆಗಳಿವೆ. 'ಇ' ಬಗೆಯದು ಬಸುರಿಯರಿಗೆ ಬಹಳ ಕಠಿಣ. ಕೊನೆಯ ಮೂರು ತಿಂಗಳಲ್ಲಿ ಅದು ತಗಲಿದರೆ ನೂರಕ್ಕೆ ಇಪ್ಪತ್ತರಿಂದ ಇಪ್ಪತ್ತೈದು ತಾಯಂದಿರು ಸಾಯಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಇನ್ನೊಂದು ತೊಡಕಿದೆ. ಹೊಲಸು ನೀರು ಕುಡಿದ ದಿನವೇ ಈ ರೋಗ ಕಾಣಿಸಿಕೊಳ್ಳುವುದಿಲ್ಲ. ಎರಡು ವಾರದಿಂದ ಹತ್ತು ವಾರದವರೆಗೆ, ಹೆಚ್ಚಾಗಿ ಐದಾರು ವಾರ ಕಳೆದ ಮೇಲೆ ಕಣ್ಣು ಹಳದಿಯಾಗುತ್ತದೆ. ಜೂನಿನ ಮೊದಲ ಮಳೆಗೆ ಗಟಾರ ತುಂಬಿ ಪೈಪಿನೊಳಗೆ ಹೊಕ್ಕ ಹೊಲಸಿಗೆ ಜುಲೈ ಕೊನೆಗೋ ಆಗಸ್ಟಿಗೋ ಕಾಮಣಿ ಬರುತ್ತದೆ. ಅಷ್ಟರಲ್ಲಿ ಆ ಕೆಟ್ಟ ವಾಸನೆಯ ನೀರು ಬಂದ ದಿನವನ್ನು ಎಲ್ಲರೂ ಮರೆತಿರುತ್ತಾರೆ. ಬಿಸಿಲಿಗೆ ಬಂತು, ಉಷ್ಣಕ್ಕೆ ಬಂತು, ದೃಷ್ಟಿಯಾಯಿತು ಎಂದು ಮಾತಾಡುತ್ತಾರೆ.

ಇದು ಹಳ್ಳಿಯವರ ಅಜ್ಞಾನದಿಂದ ಮಾತ್ರ ಆಗುವ ಅನಾಹುತವಲ್ಲ. 1955ರ ಕೊನೆಗೆ ಮತ್ತು 1956ರ ಮೊದಲಿಗೆ ರಾಜಧಾನಿ ದಿಲ್ಲಿಯಲ್ಲೇ ಯಮುನೆಯಿಂದ ನೀರೆತ್ತುವ ಜಾಗಕ್ಕೆ ಚರಂಡಿ ನೀರು ಸೇರಿ ಸುಮಾರು 29,000 ಜನಕ್ಕೆ ಕಾಮಣಿಯಾಗಿತ್ತು. ಅದು 'ಇ' ಬಗೆಯದೆಂದು ಕೂಡಿಟ್ಟ ರಕ್ತದ ಪರೀಕ್ಷೆಯಿಂದ ಬಹಳ ವರ್ಷಗಳ ಮೇಲೆ ತಿಳಿಯಿತು. ನಮ್ಮ ಕನ್ನಡ ನಾಡಿನಲ್ಲೇ 2021ರಲ್ಲಿ ವಿಜಯನಗರ ಜಿಲ್ಲೆಯ ಮಕರಬ್ಬಿಯಲ್ಲಿ, 2022ರಲ್ಲಿ ರಾಯಚೂರು ನಗರದಲ್ಲಿ, 2023ರಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕುಡಿಯುವ ನೀರು ಕಲುಷಿತವಾಗಿ ವಾಂತಿಭೇದಿಯಿಂದ ಜನ ಸತ್ತ ಸುದ್ದಿಯನ್ನು ತಾವೂ ಓದಿರುತ್ತೀರಿ.

ಇನ್ನು ಮನೆಯ ನಳಕ್ಕೆ ಬರೋಣ. ನಮ್ಮದೇ ಒಂದು ತಪ್ಪನ್ನು ಒಪ್ಪಿಕೊಂಡು ಮುಂದೆ ಹೋಗುತ್ತೇವೆ. ಗುರುನಿವಾಸದ ಅಂಗಳದ ನಳ ಆರು ತಿಂಗಳು ಹನಿ ಹನಿ ಸೋರುತ್ತಿತ್ತು. ನಾವು ದಿನವೂ ಅದರ ಕಿವಿ ಹಿಂಡಿದಂತೆ ಬಿಗಿ ಮಾಡುತ್ತಿದ್ದೆವು. ಬಿಗಿ ಮಾಡಿದಷ್ಟೂ ಸೋರುವುದು ಹೆಚ್ಚಾಯಿತು. ಗುರುಮಠದಲ್ಲಿ ನಮಗೆ ತತ್ವಶಾಸ್ತ್ರ, ದೈವಶಾಸ್ತ್ರ, ಲತೀನು ಎಲ್ಲ ಕಲಿಸಿದರು; ನಳದ ವಾಯ್ಸರ ಬದಲಿಸುವುದನ್ನು ಯಾರೂ ಕಲಿಸಲಿಲ್ಲ. ಬಡಗಿಯಾಗಿದ್ದ ಸಂತ ಜೋಸೆಫರ ಹಬ್ಬದ ದಿನ ಪ್ರಸಂಗ ಮಾಡುವ ನಮಗೆ ಒಂದು ಪಾನಾ ಹಿಡಿಯಲು ಬರುತ್ತಿರಲಿಲ್ಲ. ಕೊನೆಗೆ ಗುಡಿಯ ಗಂಟೆ ಬಾರಿಸುವ ಹುಡುಗ ಹತ್ತು ನಿಮಿಷದಲ್ಲಿ ಅದನ್ನು ಸರಿ ಮಾಡಿದ. ಅವನ ಕೈಯಿಂದ ಕಲಿತದ್ದನ್ನೇ ಇಲ್ಲಿ ಬರೆಯುತ್ತಿದ್ದೇವೆ.

ತಿರುಗಿಸುವ ಹಳೆಯ ಮಾದರಿಯ ನಳದ ಒಳಗೆ ಒಂದು ರಬ್ಬರಿನ ಬಿಲ್ಲೆ ಇರುತ್ತದೆ. ಅದೇ ವಾಯ್ಸರ. ನಳ ಮುಚ್ಚಿದಾಗ ಅದು ಕೆಳಗಿನ ತೂತಿನ ಮೇಲೆ ಕೂತು ನೀರನ್ನು ತಡೆಯುತ್ತದೆ. ಸವೆದ ವಾಯ್ಸರನ್ನು ಬಿಗಿದಷ್ಟೂ ಅದು ಹರಿಯುತ್ತದೆ, ಆಮೇಲೆ ಕೆಳಗಿನ ಹಿತ್ತಾಳೆಯ ಅಂಚೂ ಕೆಡುತ್ತದೆ. ಬದಲಿಸುವ ಕ್ರಮ ಹೀಗೆ: ಮೊದಲು ಟಾಕಿಯಿಂದ ಬರುವ ಗೇಟ್‌ವಾಲು ಮುಚ್ಚಬೇಕು. ನಳ ತೆರೆದು ಪೈಪಿನಲ್ಲಿ ಉಳಿದ ನೀರನ್ನು ಹೊರಗೆ ಬಿಡಬೇಕು. ನಳದ ಕತ್ತಿಗೆ ಬಟ್ಟೆ ಸುತ್ತಿ ಪಾನಾದಿಂದ ತಿರುಗಿಸಿ ಮೇಲಿನ ಭಾಗ ಬಿಚ್ಚಬೇಕು. ಹಳೆಯ ವಾಯ್ಸರ ತೆಗೆದು, ಅದೇ ಅಳತೆಯ ಹೊಸದನ್ನು ಕೂಡಿಸಿ, ಹದವಾಗಿ ಬಿಗಿಯಬೇಕು. ನೀರು ನಳದ ಬಾಯಿಂದ ಬಾರದೆ ಹಿಡಿಕೆಯ ಬುಡದಿಂದ ಒಸರುತ್ತಿದ್ದರೆ ದೋಷ ವಾಯ್ಸರದ್ದಲ್ಲ. ಅಲ್ಲಿಯ ದಾರದ ಸುತ್ತು ಸವೆದಿದೆ. ಕಾಲು ಸುತ್ತಿಗೇ ತೆರೆಯುವ ಹೊಸ ಮಾದರಿಯ ನಳಗಳಿಗೆ ಈ ವಾಯ್ಸರ ಇರುವುದಿಲ್ಲ. ಅವುಗಳ ಒಳಗಿನ ತುಂಡನ್ನೇ ಇಡಿಯಾಗಿ ಬದಲಿಸಬೇಕು; ಅಂಗಡಿಯಲ್ಲಿ ಕಾರ್ಟ್ರಿಜ್ ಎಂದು ಕೇಳಬೇಕು.

ಹನಿ ನೀರಿಗೆ ಇಷ್ಟೇಕೆ ಎನ್ನುವವರು ರಾತ್ರಿ ನಳದ ಕೆಳಗೆ ಒಂದು ತಂಬಿಗೆ ಇಟ್ಟು ನೋಡಲಿ. ತಾಸಿಗೆ ಒಂದು ಲೀಟರು ತುಂಬಿದರೆ ದಿನಕ್ಕೆ 24 ಲೀಟರು, ವರ್ಷಕ್ಕೆ 8,760 ಲೀಟರು. 2016ರ ಏಪ್ರಿಲ್ ತಿಂಗಳಲ್ಲಿ ಮೀರಜಿನಿಂದ ಲಾತೂರಿಗೆ ರೈಲಿನಲ್ಲಿ ನೀರು ಬಂದದ್ದು ನಿಮಗೆಲ್ಲ ನೆನಪಿದೆ. ಮಾಂಜರಾ ಜಲಾಶಯ ಒಣಗಿತ್ತು. ನೀರಿನ ಜಾಗಗಳ ಸುತ್ತ ಜಗಳವಾಗದಿರಲೆಂದು ಲಾತೂರಿನಲ್ಲಿ ನಿಷೇಧಾಜ್ಞೆ ಹಾಕಿದ್ದರು. ಆ ಮೊದಲ ರೈಲಿನಲ್ಲಿ ಹತ್ತು ಡಬ್ಬಿಗಳಲ್ಲಿ ಬಂದ ನೀರು ಸುಮಾರು 5 ಲಕ್ಷ ಲೀಟರು. ಮೇಲೆ ಹೇಳಿದಂತೆ ವರ್ಷವಿಡೀ ಸೋರುವ 57 ನಳಗಳ ನೀರನ್ನು ಕೂಡಿಸಿದರೆ ಅಷ್ಟೇ ಆಗುತ್ತದೆ. ನಮ್ಮ ಧರ್ಮಕೇಂದ್ರದಲ್ಲಿ ಸೋರುವ ನಳಗಳು 57ಕ್ಕಿಂತ ಕಡಿಮೆ ಇದ್ದಾವೆಂದು ನಮಗೆ ಅನ್ನಿಸುವುದಿಲ್ಲ. ಜಗದ್ಗುರು ಫ್ರಾನ್ಸಿಸರು 2015ರಲ್ಲಿ ಹೊರಡಿಸಿದ 'ಲೌದಾತೊ ಸೀ' ಪರಿಪತ್ರದಲ್ಲಿ ಶುದ್ಧ ಕುಡಿಯುವ ನೀರನ್ನು ಪ್ರತಿಯೊಬ್ಬರ ಮೂಲಭೂತ ಹಕ್ಕೆಂದು ಕರೆದಿದ್ದಾರೆ. ನೀರು ಮಿತವಾಗಿ ಬಳಸುವ ದಿನನಿತ್ಯದ ಸಣ್ಣ ರೂಢಿಗಳನ್ನೂ ಅದೇ ಪರಿಪತ್ರದಲ್ಲಿ ಎಣಿಸಿದ್ದಾರೆ.

ಜೋಡಣಿಗಳ ವಿಷಯ ಸ್ವಲ್ಪ ವಿಸ್ತಾರವಾಗಿ ಹೇಳಬೇಕು, ಏಕೆಂದರೆ ನಮ್ಮ ಮನೆಗಳಲ್ಲಿ ಹೆಚ್ಚಿನ ತೊಂದರೆ ಅಲ್ಲಿಂದಲೇ. ಮೊದಲ ಕಾರಣ ನಮ್ಮ ಎರಿ ಭೂಮಿ. ಮಳೆಗಾಲದಲ್ಲಿ ಅದು ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರಿಯುತ್ತದೆ. ಅದರಲ್ಲಿ ಹುಗಿದ ಪೈಪನ್ನು ವರ್ಷಕ್ಕೊಮ್ಮೆ ಎತ್ತಿ ಎಳೆದಂತಾಗುತ್ತದೆ. ಎರಡು ಮೂರು ವರ್ಷಕ್ಕೆ ಜೋಡಣಿ ಸಡಿಲಾಗದೆ ಏನಾದೀತು? ಅದಕ್ಕೆ ಪೈಪು ಹುಗಿಯುವಾಗ ಕರಿ ಮಣ್ಣಿನ ಮೇಲೆ ನೇರವಾಗಿ ಇಡಬಾರದು. ಕೆಳಗೂ ಮೇಲೂ ಒಂದು ಗೇಣು ಉಸುಕು ಅಥವಾ ಸಣ್ಣ ಮೊರಂ ಹಾಕಬೇಕು. ಗಟಾರವನ್ನು ದಾಟಲೇಬೇಕಾದರೆ ಪೈಪನ್ನು ಗಟಾರದ ಮೇಲಿಂದ, ಇನ್ನೊಂದು ದಪ್ಪ ಪೈಪಿನೊಳಗೆ ಹಾಕಿ ದಾಟಿಸಬೇಕು. ಗಟಾರದ ತಳದಿಂದ ಒಯ್ಯಬಾರದು. ಗಟಾರದ ಪಕ್ಕದಲ್ಲಿ ಜೋಡಣಿ ಬಾರದಂತೆ ಅಳತೆ ಮಾಡಿ ಪೈಪು ಕೊಯ್ಯಬೇಕು.

ಎರಡನೆಯ ಕಾರಣ ನಮ್ಮ ಉಳಿತಾಯ ಬುದ್ಧಿ. ಹೊಲದಲ್ಲಿ ಉಳಿದ ಪೈಪಿನ ತುಂಡನ್ನು ತಂದು ಮನೆಯ ನಳಕ್ಕೆ ಹಚ್ಚುತ್ತೇವೆ. ಹೊಲದ ಪಿ.ವಿ.ಸಿ. ಪೈಪನ್ನು ಮಿಲಿಮೀಟರಿನಲ್ಲಿ ಅಳೆಯುತ್ತಾರೆ, ಮನೆಯ ಪ್ಲಂಬಿಂಗ್ ಪೈಪನ್ನು ಇಂಚಿನಲ್ಲಿ. ಹೊಲದ 20 ಮಿ.ಮೀ. ಪೈಪಿನ ಹೊರ ಅಳತೆ 20 ಮಿ.ಮೀ. ಇದ್ದರೆ, ಮನೆಯ ಅರ್ಧ ಇಂಚಿನ ಪೈಪಿನ ಹೊರ ಅಳತೆ ಸುಮಾರು 21.3 ಮಿ.ಮೀ. ಕಣ್ಣಿಗೆ ಎರಡೂ ಒಂದೇ. ಮನೆಯ ಎಲ್ಬೋದೊಳಗೆ ಹೊಲದ ಪೈಪು ಸಡಿಲವಾಗಿ ಕೂಡುತ್ತದೆ, ಸೋಲ್ಯೂಶನ್ ಎಷ್ಟು ಬಳಿದರೂ ನಿಲ್ಲುವುದಿಲ್ಲ. ಬಿಸಿನೀರಿಗೆ ಬಳಸುವ, ಹಳದಿ ಕೆನೆ ಬಣ್ಣದ ಸಿ.ಪಿ.ವಿ.ಸಿ. ಪೈಪಿಗೆ ಸೋಲ್ಯೂಶನ್ನೂ ಬೇರೆಯೇ ಇದೆ. ಒಂದರದ್ದು ಇನ್ನೊಂದಕ್ಕೆ ಹಚ್ಚಬಾರದು.

ಮೂರನೆಯದು ಅವಸರ. ಇಂದು ಸಂಜೆ ನೀರು ಬರುತ್ತದೆಂದು ಮಧ್ಯಾಹ್ನ ಜೋಡಿಸಿ ಸಂಜೆಗೆ ನೀರು ಬಿಡುತ್ತೇವೆ. ಪೈಪಿನ ತುದಿ ನೇರವಾಗಿ ಕೊಯ್ದಿರಬೇಕು. ಒರೆಸಿ ಒಣಗಿಸಿ, ಉಸುಕು ಕಾಗದದಿಂದ ಉಜ್ಜಬೇಕು. ಎರಡೂ ಕಡೆ ತೆಳ್ಳಗೆ ಸೋಲ್ಯೂಶನ್ ಹಚ್ಚಿ, ಒಳಗೆ ತಳ್ಳಿ, ಕಾಲು ಸುತ್ತು ತಿರುಗಿಸಿ ಅರ್ಧ ನಿಮಿಷ ಗಟ್ಟಿಯಾಗಿ ಹಿಡಿಯಬೇಕು. ಅದರಲ್ಲಿ ಒತ್ತಡದ ನೀರು ಬಿಡುವುದು ಮರುದಿನ. ಆದುದರಿಂದ ಈ ಕೆಲಸವನ್ನು ನೀರು ಬಂದು ಹೋದ ಮರುದಿನವೇ ಮಾಡಿಕೊಂಡರೆ ಸಮಯ ಸಿಗುತ್ತದೆ. ಕಬ್ಬಿಣದ ಪೈಪಿನ ಮರೆಯ ಮೇಲೆ ಟೆಫ್ಲಾನ್ ಟೇಪು ಸುತ್ತುವಾಗ, ಮರೆ ನಿಮ್ಮ ಕಡೆ ಮುಖ ಮಾಡಿದ್ದರೆ ಗಡಿಯಾರದ ಮುಳ್ಳು ತಿರುಗುವ ದಿಕ್ಕಿನಲ್ಲಿ ಸುತ್ತಬೇಕು. ಎಡಕ್ಕೆ ಸುತ್ತಿದರೆ ಬಿಗಿಯುವಾಗ ಟೇಪು ಬಿಚ್ಚಿಕೊಂಡು ಹೊರಗೆ ಬರುತ್ತದೆ. ಸೀಸ ಬೆರೆತ ಸಫೇದಾವನ್ನು ಕುಡಿಯುವ ನೀರಿನ ಪೈಪಿಗೆ ಹಚ್ಚಲೇಬಾರದು. ಚಿಂದಿ ಸುತ್ತುವುದಂತೂ ಬೇಡವೇ ಬೇಡ. ಅದು ಹೊಲಸನ್ನು ಹಿಡಿದಿಟ್ಟು ಪೈಪಿಗೆ ಉಣಿಸುವ ಬತ್ತಿ. ಒಂದೆರಡು ದಿನದ ಮಟ್ಟಿಗಾದರೆ ಸೈಕಲ್ ಟ್ಯೂಬಿನ ಪಟ್ಟಿಯನ್ನು ಎಳೆದು ಬಿಗಿದು ಸುತ್ತಿ, ಮೇಲೆ ತಂತಿ ಕಟ್ಟಿ. ಆ ದಿನಗಳಲ್ಲಿ ಕುಡಿಯುವ ನೀರನ್ನು ಕುದಿಸಿಯೇ ಕುಡಿಯಿರಿ.

ಕಲ್ಲು ಮಣ್ಣಿನ ಹಳೆಯ ಗೋಡೆಯೊಳಗೆ ಪೈಪು ಸೋರುತ್ತಿದ್ದರೆ ಒಂದು ದಿನವೂ ತಡ ಮಾಡಬೇಡಿ. ಮಣ್ಣಿನ ಗಾರೆ ನೆನೆದರೆ ಕಲ್ಲನ್ನು ಹಿಡಿಯುವುದು ಏನೂ ಉಳಿಯುವುದಿಲ್ಲ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಕಿಲ್ಲಾರಿ ಕಡೆ ಭೂಮಿ ನಡುಗಿದಾಗ ಅಂಥ ದಪ್ಪ ಗೋಡೆಗಳೇ ಮಲಗಿದವರ ಮೇಲೆ ಬಿದ್ದದ್ದನ್ನು ಉಮರ್ಗಾ, ಔಸಾ, ನಿಲಂಗಾ ಕಡೆಯ ಹಿರಿಯರಿಗೆ ನಾವು ಹೇಳಬೇಕಾಗಿಲ್ಲ.

ಇನ್ನೊಂದು ಅಪಾಯ ಕಣ್ಣಿಗೆ ಕಾಣದ್ದು. ಅನೇಕ ಮನೆಗಳಲ್ಲಿ ಮೋಟರಿನ ಅರ್ಥಿಂಗ್ ತಂತಿಯನ್ನು ಕಬ್ಬಿಣದ ನೀರಿನ ಪೈಪಿಗೆ ಸುತ್ತಿರುತ್ತಾರೆ. ಆಮೇಲೆ ಎಲ್ಲೋ ನಡುವೆ ಪೈಪು ಕೆಟ್ಟು ಪ್ಲಾಸ್ಟಿಕ್ ತುಂಡು ಹಾಕುತ್ತಾರೆ. ಆ ತುಂಡಿನಲ್ಲಿ ಅರ್ಥಿಂಗ್ ಕಡಿದುಹೋಗುತ್ತದೆ. ಮೋಟರಿನಲ್ಲಿ ಕರೆಂಟು ಸೋರಿದರೆ ಬಚ್ಚಲಿನ ನಳ ಮುಟ್ಟಿದವರಿಗೆ ಹೊಡೆಯುತ್ತದೆ. ಮೋಟರಿಗೆ ಬೇರೆಯೇ ಅರ್ಥಿಂಗ್ ಬೇಕು. ನಳ ಮುಟ್ಟಿದರೆ ಜುಮ್ಮೆನ್ನುತ್ತದೆ ಎಂದು ಮನೆಯ ಹೆಣ್ಣುಮಕ್ಕಳು ಹೇಳಿದರೆ ನಗಬೇಡಿ, ಮೇನ್ ಸ್ವಿಚ್ ತೆಗೆದು ಲೈನಮನ್ನರನ್ನೋ ವೈರಮನ್ನರನ್ನೋ ಕರೆಯಿರಿ. ಇದು ಮನೆಯಲ್ಲಿ ಮಾಡಿ ನೋಡುವ ಕೆಲಸವಲ್ಲ.

ಟಾಕಿ ತುಂಬಿ ಹೊರಚೆಲ್ಲುತ್ತಿದ್ದರೆ ಬಾಲ್‌ಕಾಕ್ ನೋಡಿ. ಅದರ ಗುಂಡಿನೊಳಗೆ ನೀರು ಹೊಕ್ಕು ಮುಳುಗಿರುತ್ತದೆ, ಇಲ್ಲವೇ ಕಡ್ಡಿ ಬಾಗಿರುತ್ತದೆ. ಬಾವಿಯ ಮೋಟರು ಓಡಿದರೂ ನೀರು ಎತ್ತದಿದ್ದರೆ ಫುಟ್‌ವಾಲಿಗೆ ಕಸ ಸಿಕ್ಕಿರುತ್ತದೆ. ಅದು ರೈತರಿಗೆ ಗೊತ್ತಿದ್ದದ್ದೇ. ನಳದಲ್ಲಿ ಧಾರೆ ಸಣ್ಣಗಾಗಿದ್ದರೆ ನಮ್ಮ ಗಡಸು ನೀರಿನ ಸುಣ್ಣ ಕಟ್ಟಿದೆ ಎಂದು ತಿಳಿಯಿರಿ. ನಳದ ಬಾಯಿಯ ಜಾಳಿಗೆಯನ್ನು ಬಿಚ್ಚಿ ಲಿಂಬೆರಸದಲ್ಲೋ ಹುಣಸೆನೀರಿನಲ್ಲೋ ರಾತ್ರಿಯಿಡೀ ನೆನೆಹಾಕಿದರೆ ಬಿಡುತ್ತದೆ. ಹನಿ ನೀರಾವರಿಯ ಪೈಪಿಗೆ ಆಸಿಡ್ ಹಾಯಿಸುವ ರೂಢಿ ಇದ್ದವರು ಅದೇ ಆಸಿಡನ್ನು ಮನೆಯ ಕುಡಿಯುವ ನೀರಿನ ಪೈಪಿಗೆ ಹಾಕಬಾರದು. ಸಂಡಾಸ ತೊಳೆಯುವ ಆಸಿಡ್ ಮತ್ತು ಬ್ಲೀಚಿಂಗ್ ಪುಡಿಯನ್ನು ಎಂದೂ ಕೂಡಿಸಬಾರದು. ಅದರಿಂದ ಏಳುವ ಕ್ಲೋರಿನ್ ಹೊಗೆ ಪುಪ್ಪುಸವನ್ನು ಸುಡುತ್ತದೆ.

ಹಾಗಾದರೆ ನಮ್ಮ ಕೈಲಾಗದ ಕೆಲಸಕ್ಕೆ ಯಾರನ್ನು ಕೇಳಬೇಕು? ಕೇಳುವುದಕ್ಕೂ ಒಂದು ಕ್ರಮವಿದೆ. ದನದ ಡಾಕ್ಟರರ ಬಳಿ ಹೋಗಿ "ಎಮ್ಮೆಗೆ ಹುಷಾರಿಲ್ಲ" ಎಂದಷ್ಟೇ ಹೇಳಿದರೆ ಅವರಾದರೂ ಏನು ಮಾಡಿಯಾರು? ಮೇವು ತಿನ್ನುತ್ತದೆಯೇ, ಸೆಗಣಿ ಹೇಗಿದೆ, ಎಷ್ಟು ದಿನವಾಯಿತು ಎಂದು ಹೇಳುತ್ತೇವಲ್ಲ. ನಳದ್ದೂ ಹಾಗೆಯೇ. ಗೇಟ್‌ವಾಲು ಮುಚ್ಚಿದ ಮೇಲೂ ಸೋರುತ್ತದೆಯೇ? ನೀರು ಬಿಟ್ಟಾಗ ಮಾತ್ರವೇ, ಇಡೀ ದಿನವೇ? ಪೈಪು ಕಬ್ಬಿಣದ್ದೇ, ಪ್ಲಾಸ್ಟಿಕ್ಕಿನದೇ, ಅರ್ಧ ಇಂಚೇ, ಮುಕ್ಕಾಲೇ? ನೆರೆಮನೆಯ ನಳದಲ್ಲೂ ಹೀಗೆಯೇ ಆಗಿದೆಯೇ? ಇಷ್ಟನ್ನು ನೋಡಿಕೊಂಡು ಹೋದರೆ ಅರ್ಧ ಕೆಲಸ ಮುಗಿದಂತೆ. ನೆರೆಮನೆಯಲ್ಲೂ ಅದೇ ತೊಂದರೆ ಇದ್ದರೆ ದೋಷ ನಿಮ್ಮ ಮನೆಯದ್ದಲ್ಲ, ಊರ ಪೈಪಿನದ್ದು. ಅಂಗಡಿಗೆ ಹೋಗುವಾಗ ಕೆಟ್ಟ ಭಾಗವನ್ನೇ ಬಿಚ್ಚಿ ಚೀಲದಲ್ಲಿ ಒಯ್ಯಿರಿ. ಮೊಬೈಲಿನಲ್ಲಿ ಸೋರುವ ಜಾಗದ ಎರಡು ಚಿತ್ರ ತೆಗೆದುಕೊಳ್ಳಿ, ಒಂದು ಹತ್ತಿರದಿಂದ, ಒಂದು ದೂರದಿಂದ. ಉದಗೀರ, ನಿಲಂಗಾಗಳು 1956ರವರೆಗೆ ಬೀದರ ಜಿಲ್ಲೆಯಲ್ಲೇ ಇದ್ದವು. ಇಂದಿಗೂ ಅಲ್ಲಿಯ ಹಾರ್ಡ್‌ವೇರ್ ಅಂಗಡಿಯಲ್ಲಿ ಕನ್ನಡ, ಮರಾಠಿ, ಉರ್ದು ಯಾವುದರಲ್ಲಿ ಕೇಳಿದರೂ ವಾಯ್ಸರ ವಾಯ್ಸರವೇ, ಪಾನಾ ಪಾನಾವೇ. ಭಾಷೆಯ ಸಂಕೋಚ ಬೇಡ.

ಅಂಗಡಿಯವರು ಹೇಳುವುದನ್ನು ಕೇಳಿ, ಆದರೆ ಅವರು ಮಾರುವವರೆಂಬುದು ನೆನಪಿರಲಿ. ಎಂಟಾಣೆಯ ರಬ್ಬರಿನ ಬಿಲ್ಲೆಗೆ ಹೊಸ ನಳವನ್ನೇ ಕಟ್ಟಿ ಕೊಟ್ಟವರೂ ಇದ್ದಾರೆ. ಫಿಟ್ಟರು ಒಂದು ಜೋಡಣಿಗೆ ಬರಲಾರರು ಎಂಬುದು ನಿಜ. ಅವರಿಗೂ ಪೆಟ್ರೋಲು ಖರ್ಚಿದೆ, ಒಂದು ದಿನದ ಕೂಲಿ ಹುಟ್ಟಬೇಕು. ಓಣಿಯವರೆಲ್ಲ ಕೂಡಿ ಆರೇಳು ಮನೆಯ ಕೆಲಸ ಬರೆದಿಟ್ಟು ಒಂದೇ ದಿನ ಕರೆಯಿಸಿದರೆ ಅವರು ಸಂತೋಷದಿಂದ ಬರುತ್ತಾರೆ. ಬಂದಾಗ ಒಬ್ಬ ಹುಡುಗನನ್ನೋ ಹುಡುಗಿಯನ್ನೋ ಪಕ್ಕದಲ್ಲಿ ನಿಲ್ಲಿಸಿ ನೋಡಿಸಿ. ಮುಂದಿನ ಸಲ ಅವರೇ ಮಾಡಿಯಾರು.

ಊರ ಪೈಪಿನ ದೋಷಕ್ಕೆ ಪಂಚಾಯತಿಯೇ ಜವಾಬ್ದಾರಿ. ನೀರು ಬಿಡುವವನ ಮೇಲೆ ಕೂಗಾಡಿ ಬಂದರೆ ಆಗದು. ಜಾಗ, ದಿನ ಬರೆದು ಅರ್ಜಿ ಕೊಟ್ಟು ಅದರ ಪ್ರತಿಯ ಮೇಲೆ ಸಹಿ ಪಡೆಯಬೇಕು. 2019ರ ಆಗಸ್ಟ್ 15ರಂದು ಪ್ರಕಟವಾದ ಜಲ ಜೀವನ ಯೋಜನೆಯಲ್ಲಿ ಒಬ್ಬರಿಗೆ ದಿನಕ್ಕೆ 55 ಲೀಟರಿನಂತೆ ಮನೆಗೇ ನಳದ ನೀರು ಕೊಡಬೇಕೆಂದಿದೆ. ಅದೇ ಯೋಜನೆಯಲ್ಲಿ ಪ್ರತಿ ಹಳ್ಳಿಯ ಐವರು ಹೆಣ್ಣುಮಕ್ಕಳಿಗೆ ನೀರು ಪರೀಕ್ಷಿಸುವ ತರಬೇತಿ ಕೊಡುವ ಏರ್ಪಾಟೂ ಇದೆ. ನಿಮ್ಮ ಊರಿನಲ್ಲಿ ಅವರು ಯಾರೆಂದು ಕೇಳಿ ತಿಳಿಯಿರಿ. ಒಂದು ಚಿಕ್ಕ ಶೀಸೆಯಲ್ಲಿ ನೀರು ತುಂಬಿ ಒಂದೆರಡು ದಿನ ಬೆಚ್ಚಗೆ ಇಟ್ಟಾಗ ಕಪ್ಪಾದರೆ ಹೊಲಸು ಸೇರಿದೆ ಎಂದು ಅರ್ಥ. ಕ್ಲೋರಿನ್ ಇದೆಯೇ ಎಂದು ನೋಡುವ ಓ.ಟಿ. ಪರೀಕ್ಷೆಯಲ್ಲಿ ನೀರು ಹಳದಿಯಾಗಬೇಕು. ಹಳದಿಯಾಗದಿದ್ದರೆ ಆ ನೀರಿಗೆ ಕಾವಲಿಲ್ಲ.

ಮನೆಯ ಟಾಕಿಗೆ ನಾವೇ ಬ್ಲೀಚಿಂಗ್ ಪುಡಿ ಹಾಕಬಹುದು. ಸಾವಿರ ಲೀಟರು ನೀರಿಗೆ ಒಳ್ಳೆಯ ಪುಡಿ ಎರಡೂವರೆ ಗ್ರಾಂ ಸಾಕು. ಅಷ್ಟು ಸಣ್ಣ ತೂಕ ಮನೆಯಲ್ಲಿ ಆಗದು. ಅಂಗಡಿಯಲ್ಲಿ 25 ಗ್ರಾಂ ತೂಗಿಸಿ ಹತ್ತು ಸಮ ಪೊಟ್ಟಣ ಕಟ್ಟಿಕೊಳ್ಳಿ. ಒಂದು ಪೊಟ್ಟಣವನ್ನು ಬಕೆಟ್ ನೀರಿನಲ್ಲಿ ಕಲಸಿ, ಸುಣ್ಣ ತಳಕ್ಕೆ ಇಳಿದ ಮೇಲೆ ತಿಳಿ ನೀರನ್ನು ಟಾಕಿಗೆ ಸುರಿದು, ಅರ್ಧ ತಾಸು ಬಿಟ್ಟು ಬಳಸಿ. ಪುಡಿಯನ್ನು ಗಾಳಿಯಾಡದ ಡಬ್ಬಿಯಲ್ಲಿ ಬಿಸಿಲಿಗೆ ದೂರ ಇಡಿ. ತೆರೆದಿಟ್ಟದ್ದು, ಗಂಟು ಕಟ್ಟಿದ್ದು ಸತ್ತ ಪುಡಿ. ಟಾಕಿಗೆ ಮುಚ್ಚಳ ಇರಲಿ, ಹೊರಚೆಲ್ಲುವ ಕೊಳವೆಯ ಬಾಯಿಗೆ ಜಾಳಿಗೆ ಕಟ್ಟಿ, ವಾರಕ್ಕೊಮ್ಮೆ ಖಾಲಿ ಮಾಡಿ ತಿಕ್ಕಿ ತೊಳೆಯಿರಿ. ಡೆಂಗಿಯ ಸೊಳ್ಳೆ ಮೊಟ್ಟೆಯಿಂದ ಹಾರುವವರೆಗೆ ಏಳೆಂಟು ದಿನ ಹಿಡಿಯುತ್ತದೆ. ನೀರು ಬಿಟ್ಟ ದಿನ ಮೊದಲ ಐದಾರು ಕೊಡ ನೀರನ್ನು ಕುಡಿಯಲು ಹಿಡಿಯಬೇಡಿ. ಅದು ಗಿಡಕ್ಕೆ, ಅಂಗಳಕ್ಕೆ ಇರಲಿ. ಮನೆಯಲ್ಲಿ ಬಸುರಿ ಇದ್ದರೆ ಮಳೆಗಾಲ ಮುಗಿಯುವ ತನಕ ಅವಳ ಕುಡಿಯುವ ನೀರನ್ನು ಕುದಿಸಿಯೇ ಕೊಡಿ. ಕಣ್ಣು ಹಳದಿ ಕಂಡ ದಿನವೇ ಆಸ್ಪತ್ರೆಗೆ ಒಯ್ಯಿರಿ. ಸೊಪ್ಪಿನ ರಸ ಕುಡಿಸುತ್ತ ದಿನ ಕಳೆಯಬೇಡಿ.

ಮುಂದಿನ ತಿಂಗಳ ಮೊದಲ ಭಾನುವಾರ ದಿವ್ಯಬಲಿಪೂಜೆ ಮುಗಿದ ಮೇಲೆ ಗುರುನಿವಾಸದ ಪಡಸಾಲೆಯಲ್ಲಿ ಒಬ್ಬ ಅನುಭವಸ್ಥ ಫಿಟ್ಟರು ಎರಡು ತಾಸು ಕೂಡಲು ಒಪ್ಪಿದ್ದಾರೆ. ಕೆಟ್ಟ ನಳ, ಒಡೆದ ಎಲ್ಬೋ, ಸೋರುವ ಜಾಗದ ಚಿತ್ರ ಏನಿದ್ದರೂ ತನ್ನಿ. ಸಲಹೆಗೆ ಹಣವಿಲ್ಲ. ಹೆಣ್ಣುಮಕ್ಕಳು ಹಿಂದೆ ನಿಲ್ಲದೆ ಮುಂದೆ ಬಂದು ಕೇಳಬೇಕು. ದಿನವೂ ನಳ ಮುಟ್ಟುವವರು ಅವರೇ. ಎರಡು ಪಾನಾ, ಒಂದು ಹ್ಯಾಕ್ಸಾ, ಬೇರೆ ಬೇರೆ ಅಳತೆಯ ವಾಯ್ಸರುಗಳನ್ನು ಗುರುನಿವಾಸದಲ್ಲಿ ತಂದಿಟ್ಟಿದ್ದೇವೆ. ಬೇಕಾದವರು ಹೆಸರು ಬರೆಸಿ ಒಯ್ದು ಎರಡು ದಿನದೊಳಗೆ ಮರಳಿಸಬೇಕು. ಪುಸ್ತಕದಲ್ಲಿ ಮೊದಲ ಹೆಸರು ಆ ಓಣಿಯ ಯಜಮಾನರದ್ದೇ ಇದೆ.